ಐವತ್ತಾಗುವ ತನಕ

ಉಗ್ರಾಣದ ಗುಮಾಸ್ತರಿಗೆ ಆ ದಿನ ಒದಗಿದ ಕಷ್ಟಕ್ಕೆಲ್ಲ ಕಾರಣ, ಅವರು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳುವ ಮನುಷ್ಯರೆಂಬ ಹೆಸರು. ಬೀಗದ ಕಾರ್ಖಾನೆಯ ಯಜಮಾನರು ಬೆಳಿಗ್ಗೆ ನಲವತ್ತು ನಿಮಿಷ ಮಾತಾಡಿದಾಗ ಉಳಿದವರೆಲ್ಲ ಆಕಳಿಸಿದರು. ಇವರೊಬ್ಬರು ಮಾತ್ರ ಕಣ್ಣು ಅರೆಮುಚ್ಚಿ ತಲೆದೂಗಿದರು.

ನಿಜವೆಂದರೆ, ಮನಸ್ಸಿನಲ್ಲಿ ಮಗಳ ಪದ್ಯ ಓಡುತ್ತಿತ್ತು. ಸಂಜೆ ನಾಲ್ಕಕ್ಕೆ ಶಾಲೆಯಲ್ಲಿ ಅವಳ ಪದ್ಯವಾಚನ ಸ್ಪರ್ಧೆ. ಮೂವತ್ತೆರಡು ಸಾಲು. ಅಪ್ಪನೆದುರು ಹೇಳುವಾಗಲೆಲ್ಲ ಹತ್ತೊಂಬತ್ತನೆಯ ಸಾಲಿಗೆ ಬಂದು ಗಾಡಿ ನಿಂತುಬಿಡುತ್ತಿತ್ತು. ಮುಂದಿನ ಕುರ್ಚಿಯಲ್ಲೇ ಕೂತು, ಆ ಹೊತ್ತಿಗೆ ಸರಿಯಾಗಿ ಬಲಗಿವಿ ಮುಟ್ಟಿಕೊಂಡು ತುಟಿಯಾಡಿಸುವುದಾಗಿ ಅಪ್ಪ ಮಾತು ಕೊಟ್ಟಿದ್ದರು. ವಾರದಿಂದ ಉಗ್ರಾಣದಲ್ಲೂ ಅದೇ ಗುನುಗು. ಕಸ ಗುಡಿಸುವ ಅಜ್ಜಿ "ಕಾಲೆತ್ರಿ" ಅಂದರೆ ಕಾಲು ಎತ್ತುತ್ತಿದ್ದರು, ಸಾಲು ಮಾತ್ರ ಬಿಡುತ್ತಿರಲಿಲ್ಲ.

"ಕೇಳೋ ಮನುಷ್ಯ ಅಂದ್ರೆ ನೀವು," ಎಂದರು ಯಜಮಾನರು, ಒಂದು ತೆಳು ಪುಸ್ತಕ ಕೈಗಿಟ್ಟು. "ಎರಡು ಗಂಟೆಗೆ ಐಡಿಯಾ ಸಭೆ. ಹೊಸ ಬೀಗ ಮಾರೋದು ಹೇಗೆ ಅಂತ. ನೀವೇ ನಡೆಸಿ."

"ನಾಲ್ಕಕ್ಕೆ ನನ್ನ ಮಗಳದು..."

"ಐವತ್ತು ಐಡಿಯಾ ಬರಲಿ, ಮೂರಕ್ಕೇ ಹೊರಡಿ. ಐವತ್ತಾಗೋ ತನಕ ಯಾರೂ ಏಳೋ ಹಾಗಿಲ್ಲ."

ಗುಮಾಸ್ತರು ಪುಸ್ತಕವನ್ನು ಪಾರಾಯಣ ಮಾಡುವವರಂತೆ ಎರಡು ಸಲ ಓದಿದರು. ಯಾರ ಐಡಿಯಾಕ್ಕೂ ಯಾರೂ "ಬೇಡ" ಅನ್ನಬಾರದು. ಎಲ್ಲವನ್ನೂ ಬರೆದುಕೊಳ್ಳಬೇಕು. ಲೆಕ್ಕ ತುಂಬುವವರೆಗೆ ಯಾವುದನ್ನೂ ಪರೀಕ್ಷಿಸಬಾರದು. ಮನಸ್ಸು ಚದುರಿಸುವ ವಸ್ತುಗಳು ಕೋಣೆಯ ಹೊರಗಿರಬೇಕು. ಅದರಂತೆ ಅವರು ಎಲ್ಲರ ಫೋನು, ಬೀಗದ ಕೈ, ಕಡೆಗೆ ಪ್ಯಾಕಿಂಗಿನ ಮಾವನ ನಶ್ಯದ ಡಬ್ಬಿಯನ್ನೂ ಒಂದು ತಟ್ಟೆಯಲ್ಲಿ ಹಾಕಿಸಿ ಹೊರಗಿನ ಸ್ಟೂಲಿನ ಮೇಲಿಟ್ಟರು.

ಹೊಸ ಬೀಗ, ಪಕ್ಕಕ್ಕೆ ಸರಿಯುವ ಬಾಗಿಲಿಗೆಂದೇ ಮೇಸ್ತ್ರಿ ಆರು ತಿಂಗಳು ಕೂತು ಮಾಡಿದ್ದು. ಎಲ್ಲರೂ ನೋಡಲೆಂದು ಸಭೆಯ ಕೋಣೆಯ ಸರಿಯುವ ಬಾಗಿಲಿಗೇ ಅದನ್ನು ಕೂರಿಸಿದ್ದರು. ಮೇಸ್ತ್ರಿಯೇ ಬಾಗಿಲೆಳೆದು, ಗುಂಡಿ ಒತ್ತಿದರು. ಟಕ್ಕೆಂದು ಬಿತ್ತು.

"ಆನೆ ಬಂದ್ರೂ ತೆಗೆಯಕ್ಕಾಗಲ್ಲ," ಎಂದರು ಮೇಸ್ತ್ರಿ. "ಇದರ ಕೈ ಒಂದೇ."

"ಎಲ್ಲಿದೆ?" ಎಂದಳು ಮಾರಾಟದ ಅಕ್ಕ.

ಎಲ್ಲರೂ ಗುಮಾಸ್ತರನ್ನು ನೋಡಿದರು. ತಟ್ಟೆ ಹೊರಗಿತ್ತು. ಕಾರ್ಖಾನೆಯ ಯಂತ್ರಗಳ ಸದ್ದಿನಲ್ಲಿ ಇವರ ಕೂಗು ಸಂತೆಯಲ್ಲಿ ಸೊಳ್ಳೆ ಹಾಡಿದಂತಾಯಿತು. ಗಡಿಯಾರ ಎರಡೂ ಹತ್ತು ತೋರಿಸುತ್ತಿತ್ತು.

ಗುಮಾಸ್ತರು ಬೋರ್ಡಿನ ಮೇಲಿದ್ದ "ಬೀಗ ಮಾರುವುದು ಹೇಗೆ" ಎಂಬುದನ್ನು ಒರೆಸಿ "ಹೊರಗೆ ಹೋಗುವುದು ಹೇಗೆ" ಎಂದು ಬರೆದರು. ನಿಯಮ ಅದೇ, ಲೆಕ್ಕವೂ ಅದೇ ಎಂದರು.

ಕಿಟಕಿಯ ಸರಳು ಒರೆಸುತ್ತಾ ಒಳಗೇ ಉಳಿದಿದ್ದ ಅಜ್ಜಿ ಹೇಳಿದಳು, "ಬಾಗಿಲು ಸರಿಸಿ ನೋಡ್ರಪ್ಪ."

ಮೇಸ್ತ್ರಿಯ ಮುಖ ಕೆಂಪಾಯಿತು. "ಬೀಗ ಬಿದ್ದಿರೋ ಬಾಗಿಲನ್ನ ಸರಿಸೋದಾ? ಅಜ್ಜೀ, ಅದು ಆಗೋದೇ..."

"ಹಾಗನ್ನೋ ಹಾಗಿಲ್ಲ," ಎಂದರು ಗುಮಾಸ್ತರು ಮೃದುವಾಗಿ. "ಬರ್ಕೊಂಡೆ. ಒಂದನೇ ನಂಬರು. ಪರೀಕ್ಷೆ ಆಮೇಲೆ."

ಆಮೇಲೆ ಐಡಿಯಾಗಳು ಬಿರುಸಾದವು. ಕುರ್ಚಿಯಿಂದ ಒಡೆಯುವುದು. ತಲೆಪಿನ್ನಿನಿಂದ ಕೆದಕುವುದು. ಪ್ಯಾಕಿಂಗಿನ ಮಾವ ಗಾಳಿಕಿಂಡಿಯಲ್ಲಿ ನುಸುಳುವುದು.

"ನಾನಾ? ಮೊದ್ಲು ನಾನು ಸಣ್ಣ ಆಗ್ಬೇಕಲ್ಲ!"

"ಅದು ಬೇರೆ ಐಡಿಯಾ," ಎಂದು ಗುಮಾಸ್ತರು ಅದನ್ನೂ ಬರೆದರು. ಹದಿನಾಲ್ಕು.

ಮೂವತ್ತಕ್ಕೆ ಬರುವಷ್ಟರಲ್ಲಿ ಎಲ್ಲರೂ ಒಣಗಿದ ಬಾವಿಯಂತಾದರು. ಮೇಸ್ತ್ರಿ ಬೀಗದ ಕ್ಷಮೆ ಕೇಳೋಣವೆಂದರು. ಅಕ್ಕ ಗಟ್ಟಿಯಾಗಿ ಅಳೋಣವೆಂದಳು. ನಲವತ್ತೊಂಬತ್ತನೆಯದು "ದೇವರಿಚ್ಛೆ". ಐವತ್ತನೆಯದು, ಮಾವನದು: "ಇಲ್ಲೇ ಇದ್ದುಬಿಡೋದು."

ಮೂರೂ ಇಪ್ಪತ್ತೈದು. ಶಾಲೆಗೆ ಹತ್ತು ನಿಮಿಷದ ದಾರಿ.

"ಈಗ ಪರೀಕ್ಷೆ. ಒಂದನೇ ನಂಬರು."

ಅಜ್ಜಿ ಒಂದು ಬೆರಳಿಟ್ಟು ಸರಿಸಿದಳು. ಬಾಗಿಲು ಬೆಣ್ಣೆಯೊಳಗೆ ಚಾಕು ಹೋದಂತೆ ಸರಿಯಿತು. ಬೀಗದ ನಾಲಗೆ, ನೇರವಾಗಿ ಒಳಹೊಕ್ಕಿದ್ದು, ಅಷ್ಟೇ ನೇರವಾಗಿ ಹೊರಬಂತು. ಸರಿಯುವ ಬಾಗಿಲನ್ನು ಹಿಡಿಯಲು ಅದಕ್ಕೆ ಕೊಕ್ಕೆ ಇರಬೇಕಿತ್ತು. ಇರಲಿಲ್ಲ.

ಹೊರಗೆ ಯಜಮಾನರು ನಿಂತಿದ್ದರು. ಬೀಗವನ್ನೂ ಬಾಗಿಲನ್ನೂ ಮೇಸ್ತ್ರಿಯನ್ನೂ ಒಂದೊಂದಾಗಿ ನೋಡಿದರು.

"ಇಂಥವು ಸಾವಿರ ಮಾಡಿಟ್ಟಿದೀವಿ," ಎಂದರು. "ಏನು ಮಾಡೋದು? ಐವತ್ತು ಐಡಿಯಾ ಬೇಕು. ಈಗಲೇ."

"ಯಜಮಾನ್ರೇ, ನನ್ನ ಮಗಳ..."

"ಬೀಗ ಹಿಡೀಲಿಲ್ಲ ಅಂದ್ರೇನಂತೆ, ನಾನಿದೀನಿ," ಎಂದು ಅವರು ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿ, ಫೋನುಗಳ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಅಜ್ಜಿಯ ಪಾಳಿ ಮೂರೂವರೆಗೆ ಮುಗಿಯುತ್ತಿತ್ತು. ಗುಮಾಸ್ತರು ಅವಳ ಕೈ ಹಿಡಿದುಕೊಂಡರು. "ಅಜ್ಜೀ, ಶಾಲೆಗೆ ಹೋಗ್ತೀಯಾ? ಮುಂದಿನ ಕುರ್ಚೀಲಿ ಕೂತ್ಕೋ. ಹತ್ತೊಂಬತ್ತನೇ ಸಾಲು ಬಂದಾಗ ಬಲಗಿವಿ..."

"ನಂಗೇನು ಹೇಳ್ಕೊಡ್ತೀರಿ ಸ್ವಾಮಿ. ವಾರದಿಂದ ಕೇಳೀ ಕೇಳೀ ಆ ಪದ್ಯ ಕನಸಲ್ಲೂ ಬರ್ತಿದೆ."

ನಾಲ್ಕೂವರೆಗೆ, ಬೋರ್ಡಿನ ಮೇಲೆ ಆರು ಐಡಿಯಾಗಳಿದ್ದಾಗ, ತಟ್ಟೆಯಲ್ಲಿ ಗುಮಾಸ್ತರ ಫೋನು ಹೊಡೆದುಕೊಂಡಿತು. ಯಜಮಾನರು ಸ್ಪೀಕರ್ ಒತ್ತಿ ಎತ್ತಿ ಹಿಡಿದರು.

"ಅಪ್ಪಾ, ಟೀಚರ್ ಫೋನಿಂದ ಮಾಡ್ತಿದೀನಿ. ನಂಗೇ ಫಸ್ಟು!"

ಗುಮಾಸ್ತರ ಕಣ್ಣು ತುಂಬಿತು. "ಹತ್ತೊಂಬತ್ತನೇ ಸಾಲು? ಅಜ್ಜಿ ಕಿವಿ ಮುಟ್ಕೊಂಡ್ಳಾ?"

"ಇಲ್ಲಪ್ಪ, ಅಜ್ಜಿ ಕೂತಲ್ಲೇ ನಿದ್ದೆ ಹೋಗಿದ್ಲು. ನಾನು ನಿಲ್ಲಲೇ ಇಲ್ಲ." ಅವಳು ದನಿ ತಗ್ಗಿಸಿದಳು. "ಅಪ್ಪಾ, ಬೇಜಾರು ಮಾಡ್ಕೋಬೇಡ. ಮನೇಲಿ ಹೇಳುವಾಗ ಹದಿನೆಂಟನೇ ಸಾಲಿಗೇ ನಿನ್ನ ಕೈ ಮೇಲೇಳತ್ತಲ್ಲ, ಅದನ್ನ ನೋಡೇ ನಂಗೆ ಮರೆತ್ಹೋಗ್ತಿತ್ತು. ಮುಂದಿನ ವಾರ ಫೈನಲ್ಲು. ಅವತ್ತೂ ಅಜ್ಜೀನೇ ಕಳ್ಸು."

"ಬೇಡ..." ಎನ್ನಲು ಗುಮಾಸ್ತರು ಬಾಯಿ ತೆರೆದರು.

"ಹಾಗನ್ನೋ ಹಾಗಿಲ್ಲ!" ಎಂದಿತು ಇಡೀ ಕೋಣೆ.

ಗುಮಾಸ್ತರು ಸೀಮೆಸುಣ್ಣ ಎತ್ತಿಕೊಂಡು, ಏಳನೆಯ ನಂಬರು ಹಾಕಿ, ದುಂಡಾದ ಅಕ್ಷರಗಳಲ್ಲಿ ಬರೆದರು: "ಅಜ್ಜಿಯನ್ನು ಕಳಿಸುವುದು."

"ಪರವಾಗಿಲ್ವೇ," ಎಂದರು ಯಜಮಾನರು ಬಾಗಿಲಿನಿಂದ. "ಇನ್ನು ನಲವತ್ತಮೂರು."