ನಾಲ್ಕನೇ ನಿವೇಶನದ ನೆರಳು

ಬಾಂಗ್ ಸಮೋ ನಗರಸಭೆಯು ಬಡವರ ಮುಂದಿನ ವಸತಿಗಾಗಿ ಹನ್ನೆರಡು ನಿವೇಶನಗಳನ್ನು ಆರಿಸಿದೆ. ಆರಿಸಲು ಒಂಬತ್ತು ವರ್ಷ ಹಿಡಿಯಿತು. ಮುಂದಿನ ವಸತಿ ಎಂದ ಮೇಲೆ ಈಗಲೇ ಆಗಲಿ ಎಂದು ಯಾರೂ ಒತ್ತಾಯಿಸುವ ಹಾಗಿಲ್ಲ, ಆದ್ದರಿಂದ ಯಾರೂ ಒತ್ತಾಯಿಸಲಿಲ್ಲ.

ಆಯ್ಕೆಗೆ ನಿಯಮಗಳಿದ್ದವು. ರೈಲು ನಿಲ್ದಾಣದ ಹತ್ತಿರದ ಜಾಗ ಬಡವರಿಗೆ ತಕ್ಕದ್ದಲ್ಲ, ಅದು ಬೆಲೆಬಾಳುತ್ತದೆ. ದೂರದ ಜಾಗವೂ ತಕ್ಕದ್ದಲ್ಲ. ನಾವು ಬಡವರು ದೂರ ಹೋದರೆ ನಿಲ್ದಾಣದ ಹತ್ತಿರದವರ ಬಟ್ಟೆ ಒಗೆಯುವವರು ಯಾರು? ಬಾಳೆ ಬೆಳೆದ ಜಾಗ ಕೃಷಿಭೂಮಿ, ಅದನ್ನು ಮುಟ್ಟುವಂತಿಲ್ಲ. ಆಯ್ಕೆ ಸಮಿತಿ ಜಾಗ ನೋಡಲು ಬರುತ್ತದೆ ಎಂದು ತಿಳಿದ ವಾರವೇ ನಗರದ ಖಾಲಿ ಜಾಗಗಳಲ್ಲೆಲ್ಲ, ಮೂವತ್ತು ಮಹಡಿಯ ಎರಡು ಕಟ್ಟಡಗಳ ಸಂದಿಯಲ್ಲೂ, ಬಾಳೆಸಸಿಗಳು ಸಾಲಾಗಿ ಎದ್ದು ನಿಂತವು. ನಮ್ಮ ನಗರದಲ್ಲಿ ಇಷ್ಟು ಜನ ರೈತರಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಕೆಲವರು ಕಾರಿನ ಗಾಜು ಇಳಿಸದೆಯೇ ಬೇಸಾಯ ಮಾಡುತ್ತಿದ್ದರು.

ಉಳಿದವುಗಳಲ್ಲಿ ನಾಲ್ಕನೆಯದು ನಮಗೆ, ಅಂದರೆ ಕಾಲುವೆ ದಂಡೆಯ ನಲವತ್ತಮೂರು ಕುಟುಂಬಗಳಿಗೆ ನಿಗದಿಯಾಯಿತು. ನಮ್ಮ ತಗಡಿನ ಮನೆಗಳಿಗೆ ಸಂಖ್ಯೆ ಇಲ್ಲ, ಏಕೆಂದರೆ ಆ ಮನೆಗಳೇ ಇಲ್ಲ. ಕಡತದ ಪ್ರಕಾರ ನನ್ನ ಅಡುಗೆಮನೆಯಲ್ಲಿ ಕಾಲುವೆ ಹರಿಯುತ್ತಿದೆ. ಮಗಳು ಫಾಸಾಯ್‌ಗೆ ಆರು ತುಂಬುವವರೆಗೆ ಇದರಿಂದ ನನಗೇನೂ ತೊಂದರೆಯಾಗಿರಲಿಲ್ಲ. ಮೇ ತಿಂಗಳಲ್ಲಿ ಅವಳನ್ನು ಒಂದನೇ ತರಗತಿಗೆ ಸೇರಿಸಬೇಕಿತ್ತು. ಸಂಖ್ಯೆಯುಳ್ಳ ಮನೆಯ ದಾಖಲೆ ಪುಸ್ತಕದಲ್ಲಿ ಹೆಸರಿಲ್ಲದ ಮಗುವನ್ನು ಶಾಲೆ ಸೇರಿಸಿಕೊಳ್ಳುವುದಿಲ್ಲ ಎಂದರು.

"ಹೊಸ ಮನೆ ಯಾವಾಗ ಸಾರ್?" ಎಂದು ವಸತಿ ಅಧಿಕಾರಿ ಥವಿನ್ ಅವರನ್ನು ಕೇಳಿದೆ.

"ಅವಸರ ಮಾಡ್ಬೇಡ ತಂಗಿ. ಮೊದಲು ನೆಲದ ದೈವಕ್ಕೆ ಮನೆ, ಆಮೇಲೆ ಮನುಷ್ಯರಿಗೆ."

ಇದರಲ್ಲಿ ತಪ್ಪೇನಿಲ್ಲ. ನೂಡಲ್ಸ್ ಅಂಗಡಿ ಇಡುವವರೂ ಮೊದಲು ಒಂಟಿ ಕಂಬದ ಮೇಲೆ ದೈವಕ್ಕೊಂದು ಪುಟ್ಟ ಮನೆ ನಿಲ್ಲಿಸಿ, ಕೆಂಪು ಸೋಡಾ ಇಟ್ಟು, ಅಪ್ಪಣೆ ಕೇಳುತ್ತಾರೆ. ಅದನ್ನು ಒಂದು ಮೂಲೆಯಲ್ಲಿ ನಿಲ್ಲಿಸುವುದು ವಾಡಿಕೆ. ಮೇಯರ್ ಸಾಹೇಬರು ಮಾತ್ರ ನಿವೇಶನದ ನಟ್ಟನಡುವೆ ನಿಲ್ಲಿಸಿದರು. ಮೂಲೆ ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ.

ದೈವದ ಮನೆಯ ಮೇಲೆ ಬೇರೆ ಕಟ್ಟಡದ ನೆರಳು ಬೀಳಬಾರದು ಎಂಬುದು ಫೋಟೋ ಆದ ಮೇಲೆ ಎಲ್ಲರಿಗೂ ನೆನಪಾಯಿತು. ಎಂಜಿನಿಯರು ಲೆಕ್ಕ ಹಾಕಿದರು. ಐದು ಮಹಡಿಯ ನೆರಳು ಬೀಳುತ್ತದೆ. ಮೂರರದ್ದೂ ಬೀಳುತ್ತದೆ. ಒಂದೇ ಮಹಡಿ ಕಟ್ಟಿದರೂ ಅದರ ನೆರಳು ಸಂಜೆ ಐದಕ್ಕೆ ಮೆಲ್ಲಗೆ ತೆವಳಿ ಬಂದು ದೈವದ ಮೆಟ್ಟಿಲು ಮುಟ್ಟುತ್ತದೆ. ಶೂನ್ಯ ಮಹಡಿಯ ಕಟ್ಟಡವೊಂದೇ ಎಲ್ಲ ಋತುಗಳಲ್ಲೂ ನಿಯಮಕ್ಕೆ ಹೊಂದಿತು. ಆ ನಕ್ಷೆಗೆ ಒಮ್ಮತದ ಒಪ್ಪಿಗೆ ಸಿಕ್ಕಿತು.

ನಮ್ಮ ದಂಡೆಯ ಮುಖ್ಯಸ್ಥೆ ಚಲುಯ್ ದೊಡ್ಡಮ್ಮ ಸುಮ್ಮನಿರಲಿಲ್ಲ. "ಸಾರ್, ಅದನ್ನ ಮೂಲೆಗೆ ಸರಿಸಿದ್ರಾಯ್ತಪ್ಪ."

ಥವಿನ್ ಬೆಚ್ಚಿಬಿದ್ದರು. "ವಾಸ ಇರೋರನ್ನ ಹಾಗೆಲ್ಲ ಎಬ್ಬಿಸೋಕಾಗುತ್ತಾ ದೊಡ್ಡಮ್ಮ? ಕರುಣೆ ಬೇಡ್ವಾ?"

"ನಮ್ಮನ್ನ ಎರಡು ಸಲ ಎಬ್ಬಿಸಿದ್ರಲ್ಲ!"

"ನೀವು ಮನುಷ್ಯರು, ಹೊಂದ್ಕೊಳ್ತೀರಿ."

ಮರುದಿನ ಪ್ರಕಟಣೆ ಹೊರಬಿತ್ತು: "ನಾಲ್ಕನೇ ನಿವೇಶನದಲ್ಲಿ ಮನೆ ಪೂರ್ಣಗೊಂಡಿದೆ. ಛಾವಣಿ, ಬಾಗಿಲು, ಮೆಟ್ಟಿಲುಗಳಿವೆ. ನಿವಾಸಿಯಿಂದ ಈವರೆಗೆ ದೂರು ಬಂದಿಲ್ಲ." ದೈವದ ಮನೆಗೆ ಸುತ್ತಿದ ಬಣ್ಣದ ದೀಪಕ್ಕೆ ಮೀಟರ್ ಬೇಕಾಯಿತು, ಮೀಟರಿಗೆ ಮನೆ ಸಂಖ್ಯೆ ಬೇಕಾಯಿತು. ಮೂರು ದಿನದಲ್ಲಿ ಎರಡೂ ಬಂದವು. ಸಂಖ್ಯೆ 88/1. ನಾವು ಮೀಟರಿಗೆ ಅರ್ಜಿ ಹಾಕಿ ಹದಿನೇಳು ವರ್ಷವಾಗಿತ್ತು.

ನಾನು ಫಾಸಾಯ್‌ಳ ಕೈಹಿಡಿದು ಕಚೇರಿಗೆ ಹೋದೆ. "ಸಾರ್, 88/1ರ ಪುಸ್ತಕದಲ್ಲಿ ಇವಳ ಹೆಸರು ಸೇರಿಸ್ಕೊಳ್ಳಿ."

ಥವಿನ್ ನಗಲಿಲ್ಲ. ನಿಯಮಾವಳಿ ತಿರುವಿದರು. "ಮನೆ ಯಜಮಾನರ ಒಪ್ಪಿಗೆ ಬೇಕು."

"ಅವರೇನು ಊರಲ್ಲಿಲ್ವಾ? ನಡೀರಿ, ಕೇಳೋಣ."

ನಿವೇಶನಕ್ಕೆ ಹೋಗಿ ದೈವದ ಮನೆಯ ಮುಂದೆ ಒಂಬತ್ತು ಊದುಬತ್ತಿ ಹಚ್ಚಿದೆವು. ಕೊನೆಯವರೆಗೆ ಉರಿದರೆ ಒಪ್ಪಿಗೆ, ನಡುವೆ ನಂದಿದರೆ ಅರ್ಜಿ ವಜಾ ಎಂದು ಥವಿನ್ ಅಲ್ಲೇ ನಿಯಮ ಮಾಡಿದರು. ಬಯಲಲ್ಲವೇ, ಗಾಳಿ ಬೀಸುತ್ತಿತ್ತು. ಎಂಟು ಕಡ್ಡಿ ಹೇಗೋ ಬೂದಿಯಾದವು. ಒಂಬತ್ತನೆಯದು ಮಂಕಾಗತೊಡಗಿದಾಗ ನಾನು ಸುತ್ತ ಅಂಗೈ ಮರೆ ಹಿಡಿದು ನಿಂತೆ. ಫಾಸಾಯ್ ನನ್ನ ಬೆನ್ನ ಹಿಂದೆ ಫ್ರಾಕು ಹರಡಿಕೊಂಡು ನಿಂತಳು.

"ಗಾಳಿಗೆ ಅಡ್ಡ ನಿಲ್ಲೋದು ನಿಯಮದಲ್ಲಿದೆಯಾ ತಂಗಿ?"

"ನಿಲ್ಲಬಾರದು ಅಂತ ಇದೆಯಾ ಸಾರ್?"

ಇರಲಿಲ್ಲ. "ಯಜಮಾನರು ಒಪ್ಪಿರುತ್ತಾರೆ. ಆಧಾರ: ಬೂದಿ" ಎಂದು ಬರೆದು ಮುದ್ರೆ ಒತ್ತಿದರು. ನನ್ನ ಬೆರಳಿಗೆ ಎರಡು ಬೊಬ್ಬೆ ಎದ್ದವು. ಅವುಗಳಿಗೆ ನಮೂನೆಯಲ್ಲಿ ಜಾಗವಿರಲಿಲ್ಲ.

ಹದಿನೈದು ದಿನದಲ್ಲಿ ಇಡೀ ದಂಡೆ ಹೆಸರು ಸೇರಿಸಿತು. ಎರಡಡಿ ಅಗಲದ ಮನೆಗೆ ನೂರ ಎಪ್ಪತ್ತೊಂದು ಜನ. ಆರೋಗ್ಯ ತಪಾಸಕರು ಬಂದು, ಒಂದು ಸುತ್ತು ಹಾಕಿ, "ಜನದಟ್ಟಣೆ ಕಂಡುಬರಲಿಲ್ಲ. ಗಾಳಿ, ಬೆಳಕು ಉತ್ತಮ" ಎಂದು ಬರೆದುಕೊಂಡು ಹೋದರು.

ಬೆನ್ನಿಗೇ ನಗರಸಭೆಯ ಪತ್ರ ಬಂತು. ನಮಗೆ ಈಗ ಮನೆ ಇರುವುದರಿಂದ ಮುಂದಿನ ವಸತಿಯ ಪಟ್ಟಿಯಿಂದ ನಮ್ಮ ಹೆಸರು ತೆಗೆದಿದ್ದಾರೆ. ಕಾಲುವೆ ದಂಡೆಯ ತಗಡಿನ ಮನೆಯನ್ನು ನೀರಂಚಿನ ವಿಹಾರಗೃಹ ಎಂದು ಪರಿಗಣಿಸಲಾಗಿದೆ.

"ನೋಡೇ, ಈ ವಯಸ್ಸಲ್ಲಿ ನಂಗೊಂದು ರೆಸಾರ್ಟಾಯ್ತು!" ಎಂದು ಚಲುಯ್ ದೊಡ್ಡಮ್ಮ ಪತ್ರವನ್ನು ಸೋರುವ ತಗಡಿನ ತೂತಿಗೆ ತುರುಕಿದರು.

ಫಾಸಾಯ್ ಶಾಲೆಗೆ ಸೇರಿದಳು. ಮೊದಲ ವಾರ 'ನನ್ನ ಮನೆ' ಎಂದು ಚಿತ್ರ ಬರೆಯಲು ಹೇಳಿದ್ದರು. ಅವಳು ಒಂಟಿ ಕಂಬ, ಚಿನ್ನದ ಛಾವಣಿ, ಕೆಂಪು ಸೋಡಾದ ಬಾಟಲಿ, ಅದರೊಳಗೊಂದು ಸ್ಟ್ರಾ ಬರೆದಿದ್ದಳು.

"ಇದರಲ್ಲಿ ನೀನೆಲ್ಲಿ ಮಲಗ್ತೀಯ ಪುಟ್ಟಿ?" ಎಂದು ಟೀಚರ್ ಕೇಳಿದರಂತೆ.

"ಒಳಗೆ ಯಜಮಾನರು ಇರ್ತಾರೆ ಟೀಚರ್. ನಾವೆಲ್ಲ ಹೊರಗೆ."

ಟೀಚರ್ ಹತ್ತಕ್ಕೆ ಹತ್ತು ಕೊಟ್ಟರು. ತರಗತಿಯಲ್ಲಿ ಇನ್ನೂ ಹದಿನಾಲ್ಕು ಮಕ್ಕಳು ಅದೇ ಮನೆ ಬರೆದಿದ್ದರಂತೆ. ಆದರೆ ಕಂಬ ನೆಟ್ಟಗೆ ಬಂದದ್ದು ನನ್ನ ಮಗಳದ್ದು ಮಾತ್ರ.