ಎರಡು ಉಂಗುರ, ಒಂದು ಕೆಂಪು ಚೀಟಿ

ನನಗೊಂದು ಕಾಯಿಲೆಯಿದೆ. ಅದಕ್ಕೆ ಈವರೆಗೆ ಯಾರೂ ಮದ್ದು ಕೊಟ್ಟಿಲ್ಲ, ಬಹುಮಾನ ಮಾತ್ರ ಕೊಟ್ಟಿದ್ದಾರೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದ ಹತ್ತು ವರ್ಷಗಳಲ್ಲಿ ಆರು ಸಲ ಅಚ್ಚುಕಟ್ಟುತನದ ಬಹುಮಾನ ನನಗೇ ಬಂತು. ಗಣಿತಕ್ಕಾಗಲಿ ಓಟಕ್ಕಾಗಲಿ ಒಂದು ಸೋಪಿನ ಡಬ್ಬಿಯನ್ನೂ ಗೆಲ್ಲದವಳಿಗೆ ಅದು ಸಣ್ಣ ಸಂಗತಿಯಲ್ಲ. ಪ್ರತಿ ಶುಕ್ರವಾರ ಸಿಸ್ಟರ್ ಬೆನೆಡಿಕ್ಟಾ ನಮ್ಮ ಡೆಸ್ಕುಗಳ ಮುಚ್ಚಳ ಎತ್ತಿ ನೋಡುವಾಗ ನನ್ನ ಪೆನ್ಸಿಲ್‌ಗಳು ಎತ್ತರದ ಪ್ರಕಾರ ಮಲಗಿರುತ್ತಿದ್ದವು. ಇಂಥವಳನ್ನು ಮದುವೆ ಮಾಡಿಕೊಂಡು ಜಪಾನಿನ ನಗೋಯಾಕ್ಕೆ, ಅಂದರೆ ಕಸವನ್ನೂ ಬಗೆಬಗೆಯಾಗಿ ವಿಂಗಡಿಸಿ, ತೊಳೆದು, ಒಣಗಿಸಿ, ವಾರ ನೋಡಿ ಹೊರಗಿಡುವ ಊರಿಗೆ ಕರೆತಂದರೆ ಏನಾಗಬೇಕು? ಉಳಿದ ಕನ್ನಡದ ಗೆಳತಿಯರು ಆ ಕಸದ ವೇಳಾಪಟ್ಟಿ ನೋಡಿ ಕಣ್ಣೀರು ಹಾಕಿದರು. ನಾನು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ತವರಿಗೆ ಬಂದಷ್ಟು ಹಿಗ್ಗಿದೆ.

ನಮ್ಮ ಯಜಮಾನರು ಶ್ರೀಧರ, ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವವರು. ಹದಿನೈದು ವರ್ಷ ಕಾರಿನ ಕೆಲಸ ಮಾಡಿದರೂ ಕೈಗೆ ಒಂದು ಹನಿ ಗ್ರೀಸು ಅಂಟಿಸಿಕೊಂಡವರಲ್ಲ. ಆ ಕೊರಗು ಒಳಗೇ ಇತ್ತೆಂದು ಕಾಣುತ್ತದೆ. ಕೊರೊನಾ ಬಂದು ಆಫೀಸು ಮನೆಯೊಳಗೇ ನುಗ್ಗಿದಾಗ ಬೇರೆಯವರು ಬ್ರೆಡ್ ಮಾಡಲು ಕಲಿತರು. ಇವರು ಕಾರನ್ನೇ ತರಿಸಿಕೊಂಡರು, ಅದೂ ಬಿಡಿ ಭಾಗಗಳಾಗಿ, ಪೆಟ್ಟಿಗೆಗಳಲ್ಲಿ. ಕೂತು ನಾವೇ ಜೋಡಿಸಿಕೊಳ್ಳಬೇಕಾದ ಪುಟ್ಟ ಎರಡು ಸೀಟಿನ ಕಾರು. ಮನೆಯಲ್ಲಿ ನಾನು, ಅವರು, ಒಂಬತ್ತು ವರ್ಷದ ಅನ್ವಿ ಸೇರಿ ಮೂವರು. "ಮೂರನೆಯವಳು ಎಲ್ಲಿ ಕೂರಬೇಕು ರೀ?" ಎಂದು ಕೇಳಿದೆ. "ಮೊದಲು ಕಾರು ಆಗಲಿ ಇರು," ಎಂದರು.

ನಮ್ಮ ಬೀದಿಯ ಕೊನೆಯಲ್ಲಿ ಮೊರಿತಾ ಸಾನ್ ಎಂಬ ಹಳೆಯ ಮೆಕ್ಯಾನಿಕ್ ಇದ್ದರು. ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ. ಎಪ್ಪತ್ತು ದಾಟಿದ ಜೀವ. ಗಿರಾಕಿಗಳಿಲ್ಲದೆ ಬೇಜಾರಾಗಿ ಕೂತಿದ್ದ ಅವರು ಭಾನುವಾರಗಳಂದು ತಮ್ಮ ಗ್ಯಾರೇಜನ್ನು ಇವರಿಗೆ ಬಿಟ್ಟುಕೊಟ್ಟರು. ಶಟರ್ ಪೂರ್ತಿ ಎತ್ತಿ ಇಬ್ಬರೂ ಮಾಸ್ಕು ಹಾಕಿಕೊಳ್ಳುತ್ತಿದ್ದರು. ಮೊರಿತಾ ಸಾನ್ ನೆಲ ಒರೆಸುವ ಮಾಪಿನ ಕೋಲು ಹಿಡಿದು ದೂರದಲ್ಲಿ ನಿಂತಿರುತ್ತಿದ್ದರು. ತಪ್ಪು ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಕೋಲು ಬಂದು ಸರಿಯಾದ ನಟ್ಟನ್ನು ತಟ್ಟುತ್ತಿತ್ತು. ಅಂತೂ ಒಂದು ಶರತ್ಕಾಲದಲ್ಲಿ ಕಾರು ತಯಾರಾಗಿ ಗ್ಯಾರೇಜಿನಿಂದ ಹೊರಟಿತು, ಹೊರಗಿನ ಸಣ್ಣ ಏರಿನಲ್ಲಿ ಒದ್ದೆ ಎಲೆಗಳ ಮೇಲೆ ಹೋಗಿ ನಿಂತಿತು. ಒಂದು ಚಕ್ರ ಬುಗುರಿಯಂತೆ ತಿರುಗಿತು, ಇನ್ನೊಂದು ಸುಮ್ಮನೆ ನಿಂತಿತ್ತು. ಅಕ್ಕಪಕ್ಕದವರು ಬಂದು ತಳ್ಳಿದರು. ನಮ್ಮವರು ಮನೆಗೆ ಬಂದು ಮೊಸರನ್ನ ತಿಂದು ಮಲಗಿದರು.

ದೋಷ ಡಿಫರೆನ್ಶಿಯಲ್‌ನದಂತೆ. ಅದು ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರು. ನನಗೆ ಅರ್ಥವಾದದ್ದು ಹೀಗೆ: ಅದೊಂದು ಮೆದು ಮನಸ್ಸಿನ ಅಜ್ಜಿ. ಇಬ್ಬರು ಮೊಮ್ಮಕ್ಕಳಲ್ಲಿ ಯಾವನು ನೆಲಕ್ಕೆ ಬಿದ್ದು ಹೊರಳಾಡುತ್ತಾನೋ ಅವನ ಕೈಗೇ ಚಕ್ಕುಲಿ ಡಬ್ಬಿ. ಕೈಕಟ್ಟಿ ನಿಂತವನಿಗೆ ಏನೂ ಇಲ್ಲ. ಇದಕ್ಕೆ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಎಂಬ ಬೇರೆ ಅಜ್ಜಿ ಸಿಗುತ್ತಾಳೆ. ಒಳಗೆ ಒಂದರ ಮೇಲೊಂದು ಬಿಲ್ಲೆಗಳಿದ್ದು, ಒಂದು ಚಕ್ರ ಜಾರಿದರೆ ಅವು ಬಿಗಿಹಿಡಿದು ಇನ್ನೊಂದಕ್ಕೂ ಪಾಲು ಕೊಡಿಸುತ್ತವೆ. ಆದರೆ ಅದನ್ನು ಗೇರ್‌ಬಾಕ್ಸಿನೊಳಗೆ ಕೂರಿಸುವಾಗ ಎರಡೂ ಬದಿಗೆ ತೆಳ್ಳನೆಯ ಉಕ್ಕಿನ ಉಂಗುರ ಇಡಬೇಕು. ಕೂದಲೆಳೆಯಷ್ಟು ದಪ್ಪ ಹೆಚ್ಚಾದರೆ ಬಿಗಿ, ಕಡಿಮೆಯಾದರೆ ಗಲಗಲ. ಮೊರಿತಾ ಸಾನ್ ಮೂರು ಭಾನುವಾರ ಅಳೆದು, ಉಜ್ಜಿ, ಮತ್ತೆ ಅಳೆದು, ಕೊನೆಗೆ ಎರಡು ಉಂಗುರ ಸರಿ ಮಾಡಿಕೊಟ್ಟರು. ತಿಂಗಳ ಕೊನೆಗೆ ಅವರು ಗ್ಯಾರೇಜು ಮುಚ್ಚಿ ದೂರದ ಮಗಳ ಮನೆಗೆ ಹೊರಡುವವರು. ಉಳಿದದ್ದು ಒಂದೇ ಭಾನುವಾರ. ಕಾರು ಆ ಏರು ಹತ್ತುವುದನ್ನು ನೋಡಿಯೇ ಹೋಗುತ್ತೇನೆ ಎಂದಿದ್ದರಂತೆ.

ಜೋಡಿಸುವ ಮೊದಲು ಆ ಬಿಲ್ಲೆಗಳು ಎಣ್ಣೆಯಲ್ಲಿ ನೆನೆಯಬೇಕು, ಉದ್ದಿನಬೇಳೆಯ ಹಾಗೆ. ಆ ಕೆಲಸ ನಮ್ಮ ಬಾಲ್ಕನಿಗೆ ಬಂತು. ನನ್ನ ಇಡ್ಲಿಹಿಟ್ಟಿನ ಸ್ಟೀಲ್ ಡಬ್ಬಿಯೊಳಗೆ ಬಿಲ್ಲೆಗಳು, ಪಕ್ಕದಲ್ಲಿ ಹಾಸಿದ ಪೇಪರು, ಅದರ ಮೇಲೆ ಮುಗಿದ ಎಣ್ಣೆ ಡಬ್ಬ, ಹಳೆಯ ಬೋಲ್ಟುಗಳು, ಒಂದು ತಗಡಿನ ಮುಚ್ಚಳದಲ್ಲಿ ಎರಡು ಉಂಗುರ. ಬುಧವಾರ ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದವಳು ಇದನ್ನು ನೋಡಿದೆ. ಅಂದು ಲೋಹದ ಕಸದ ದಿನ. ತಿಂಗಳಿಗೆ ಒಂದೇ ಸಲ ಬರುವ ಅಂಥ ದಿನವನ್ನು ವ್ಯರ್ಥ ಮಾಡುವುದು ನನ್ನ ಜಾಯಮಾನದಲ್ಲಿಲ್ಲ.

ಕೇಳದೆ ಮಾಡಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಬಾಗಿಲಲ್ಲಿ ನಿಂತು, "ರೀ, ಈ ಪೇಪರ್ ಮೇಲಿರೋದೆಲ್ಲ ಬಿಸಾಕ್ಲಾ?" ಎಂದೆ. ಮೀಟಿಂಗಿನಲ್ಲಿದ್ದ ಅವರು ತಲೆಯಾಡಿಸಿದರು, ಒಂದಲ್ಲ, ಮೂರು ಸಲ. ಅನುಮಾನವೇಕೆಂದು, "ಉಂಗುರಾನೂ?" ಎಂದೆ. ಮತ್ತೆ ಎರಡು ಸಲ. ಅಳತೆ ತಪ್ಪಿದ ಹಳೆಯವಿರಬೇಕು ಎಂದುಕೊಂಡೆ. ನಾನು ಪೇಪರನ್ನು ಪೇಪರಿಗೆ, ಲೋಹವನ್ನು ಲೋಹಕ್ಕೆ ವಿಂಗಡಿಸಿ, ಚೀಲದ ಬಾಯಿಗೆ ಅಂದವಾದ ಗಂಟು ಹಾಕಿ ಕೆಳಗಿಟ್ಟು ಬಂದೆ.

ಹನ್ನೆರಡಕ್ಕೆ ಬಾಲ್ಕನಿಯಿಂದ ಸದ್ದು ಬಂತು. "ವೀಣಾ, ಇಲ್ಲಿದ್ದ ಶಿಮ್ಸ್ ಎಲ್ಲಿ? ಆ ಎರಡು ರಿಂಗು?"

"ನೀವೇ ಬಿಸಾಕು ಅಂದ್ರಲ್ಲ."

"ನಾನಾ? ಯಾವಾಗ?"

"ಹತ್ತು ಗಂಟೆಗೆ. ಐದು ಸಲ ತಲೆ ಆಡ್ಸಿದ್ರಿ, ನಾನು ಎಣಿಸಿದೀನಿ."

"ಅದು ಒಕಾದಾ ಸಾನ್ ಮಾತಾಡ್ತಿದ್ರು ಕಣೇ. ಇಲ್ಲಿ ಮ್ಯಾನೇಜರ್ ಮಾತಾಡ್ವಾಗ ತಲೆ ಆಡಿಸ್ದೇ ಇದ್ರೆ ಇವನು ಕೇಳ್ತಾನೇ ಇಲ್ಲ ಅಂದ್ಕೋತಾರೆ. ನಾನು ದಿನಾ ಇನ್ನೂರು ಸಲ ಆಡಿಸ್ತೀನಿ. ಕಿವಿಗೆ ಹೆಡ್‌ಫೋನ್ ಬೇರೆ."

ಆನ್‌ಲೈನ್ ತರಗತಿ ಮುಗಿಸಿ ಬಂದ ಅನ್ವಿ ಅಪ್ಪನ ಮುಖ ನೋಡಿ, ನನ್ನ ಮುಖ ನೋಡಿ, "ಅಮ್ಮಾ, ದಟ್ ವಾಸ್ ಮೊರಿತಾ ಸಾನ್ಸ್ ಪ್ರೆಸೆಂಟ್," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೂರು ಭಾನುವಾರ ಆ ಮುದುಕರು ಕನ್ನಡಕ ಹಣೆಗೇರಿಸಿ ಉಜ್ಜಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ.

ಮೂವರೂ ಮಾಸ್ಕು ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಓಡಿದೆವು. ಕಸದ ಜಾಗ ಗುಡಿಸಿಟ್ಟ ಹಾಗಿತ್ತು, ಲಾರಿ ಬಂದು ಹೋಗಿತ್ತು. ಕಾಗೆಗಳು ಕೆದಕದಂತೆ ಕಸಕ್ಕೆ ಹೊದಿಸುವ ಬಲೆಯನ್ನು ಮಡಚಿ ಇಡುತ್ತಿದ್ದವರು, ಆ ವಾರ ಕಸದ ಜಾಗ ನೋಡಿಕೊಳ್ಳುವ ಪಾಳಿಯ ನೆರೆಯವರು ಹಯಾಶಿ ಸಾನ್. ಅವರ ಪಕ್ಕದಲ್ಲಿ, ಕಂಬಕ್ಕೆ ಒರಗಿ, ಶಿಕ್ಷೆಗೆ ಹೊರಗೆ ನಿಲ್ಲಿಸಿದ ಹುಡುಗಿಯ ಹಾಗೆ, ಒಂದೇ ಒಂದು ಚೀಲ ನಿಂತಿತ್ತು. ನನ್ನ ಅಂದವಾದ ಗಂಟು. ಅದರ ಮೇಲೆ ಕೆಂಪು ಚೀಟಿ. ಅನ್ವಿ ಜೋರಾಗಿ ಓದಿ ಹೇಳಿದಳು: "ತಗೊಂಡು ಹೋಗೋಕಾಗಲ್ಲ ಅಂತೆ. ರೀಸನ್, ಒಳಗೆ ಆಯಿಲ್ ಇದೆ. ವಿಂಗಡಿಸಿದ್ದು ತಪ್ಪು."

ನನ್ನ ಜೀವಮಾನದ ಮೊದಲ ಕಪ್ಪು ಚುಕ್ಕೆ. ನೆಲ ಬಾಯಿ ಬಿಡಬಾರದೇ ಎಂದುಕೊಳ್ಳುತ್ತ, "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಬಗ್ಗತೊಡಗಿದೆ. ಹಯಾಶಿ ಸಾನ್ ಮೆತ್ತಗೆ, ಡಬ್ಬವನ್ನು ಬಟ್ಟೆಯಲ್ಲಿ ಒರೆಸಿ ಇಡಬೇಕಿತ್ತು ಎಂದರು. ಅಷ್ಟರಲ್ಲಿ ನಮ್ಮ ಯಜಮಾನರು ಆ ಚೀಲವನ್ನು ಮಗುವಿನಂತೆ ಎದೆಗವಚಿಕೊಂಡು "ಅರಿಗಾತೋ, ಅರಿಗಾತೋ" ಎಂದು ಧನ್ಯವಾದ ಹೇಳುತ್ತ ನನಗಿಂತ ಕೆಳಗೆ ಬಗ್ಗಿದರು. ಕಸ ವಾಪಸು ಬಂದದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ಹಯಾಶಿ ಸಾನ್ ಆವರೆಗೆ ಕಂಡಿರಲಿಲ್ಲ. ಅವರು ಎರಡು ಹೆಜ್ಜೆ ಹಿಂದೆ ಸರಿದದ್ದು ಕೊರೊನಾ ಭಯಕ್ಕಲ್ಲ ಎಂದು ನನ್ನ ಅಂದಾಜು.

ಭಾನುವಾರ ಉಂಗುರಗಳು ತಮ್ಮ ಜಾಗದಲ್ಲಿ ಕೂತವು. ಮಧ್ಯಾಹ್ನ ಗೇರ್‌ಬಾಕ್ಸು ಕಾರಿನೊಳಗೆ ಹೋಯಿತು. ಏರು ಒಣಗಿತ್ತಾದ್ದರಿಂದ ನಾನೇ ಬಕೆಟ್ಟಿನಲ್ಲಿ ನೀರು ತಂದು ಸುರಿದೆ, ಅನ್ವಿ ಎಲೆ ಆರಿಸಿ ಹರಡಿದಳು. ನಮ್ಮವರು ಚಾಲಕನ ಬಾಗಿಲು ತೆರೆದು ಹಿಡಿದು, "ಮೊರಿತಾ ಸಾನ್, ದೋಜೋ," ಬನ್ನಿ, ಕೂತುಕೊಳ್ಳಿ ಎಂದು ತಲೆಬಾಗಿದರು. ಮುದುಕರು ಮಾಪಿನ ಕೋಲನ್ನು ನನ್ನ ಕೈಗೆ ಕೊಟ್ಟು ಒಳಗೆ ಕೂತರು. ಒಂದು ಚಕ್ರ ಒಂದು ಕ್ಷಣ ಜಾರಿತು, ಜೊತೆಯ ಚಕ್ರ ಕೈಜೋಡಿಸಿತು, ಕಾರು ಸುಮ್ಮನೆ, ಯಾವ ಗಲಾಟೆಯೂ ಇಲ್ಲದೆ, ಏರು ಹತ್ತಿ ತುದಿಯಲ್ಲಿ ನಿಂತಿತು. ಮೊರಿತಾ ಸಾನ್ ಇಳಿಯಲಿಲ್ಲ. ಹಿಂದಕ್ಕೆ ಬಂದು ಮತ್ತೊಮ್ಮೆ ಹತ್ತಿದರು. ಒಟ್ಟು ಏಳು ಸಲ. ಮಾಸ್ಕಿನ ಮೇಲೆ ಕಣ್ಣುಗಳು ಮಾತ್ರ ಕಾಣುತ್ತಿದ್ದವು, ಅಷ್ಟು ಸಾಕಾಗಿತ್ತು.

ಈಗ ನಮ್ಮ ಮನೆಯಲ್ಲಿ ಹೊಸ ನಿಯಮವಿದೆ. ತಲೆಯಾಡಿಸಿದರೆ ಒಪ್ಪಿಗೆಯಲ್ಲ, ಬಾಯಿ ಬಿಟ್ಟು ಹೇಳಬೇಕು. ಈ ನಿಯಮ ನನ್ನಿಂದಾಗಿ ಬಂದದ್ದಲ್ಲ, ಅವರಿಂದಾಗಿ ಎಂಬ ನನ್ನ ವಾದಕ್ಕೆ ಅವರು ಇನ್ನೂ ತಲೆಯಾಡಿಸುತ್ತಾರೆ, ಅಷ್ಟೆ. ಆ ಕೆಂಪು ಚೀಟಿಯನ್ನು ಅನ್ವಿ ಜೋಪಾನವಾಗಿ ಬಿಡಿಸಿ ಕಾರಿನ ಒಳಗೆ, ನಾನು ಕೂರುವ ಸೀಟಿನ ಎದುರಿಗೇ ಅಂಟಿಸಿದ್ದಾಳೆ. ವಿಂಗಡಿಸಿದ್ದು ತಪ್ಪು. ಕಾರಿಗೆ ಕೂತಾಗಲೆಲ್ಲ ಅದನ್ನೇ ನೋಡುತ್ತೇನೆ. ಮೊನ್ನೆಯಂತೂ ತಡೆಯಲಾಗದೆ ಅದನ್ನು ಕಿತ್ತೆ. ಸ್ವಲ್ಪ ಸೊಟ್ಟಗಿತ್ತು, ನೇರ ಮಾಡಿ ಮತ್ತೆ ಅಂಟಿಸಿದೆ.