ಚೀನಾದ ಅಂಗಳದ ಮನೆಯಂತೆ ವಿದೇಶದ ನೋವೈ ಊರಿನಲ್ಲಿರುವ ಮಗನ ಮನೆಯ ಕೋಣೆಗಳನ್ನು ಹಂಚುವ ಬಗ್ಗೆ

ಸುತ್ತೋಲೆ ಸಂಖ್ಯೆ: ಮನೆ/ವಸತಿ/ನೋವೈ/03

ವಿಷಯ: ಸದಸ್ಯರಿಗೆ ಹಿರಿತನದ ಪ್ರಕಾರ ಕೋಣೆ ಹಂಚಿಕೆ.

ಉಲ್ಲೇಖ: ಹಳೆಯ ಚೀನೀ ಮನೆಗಳ ಕುರಿತು ಕಳೆದ ಶನಿವಾರ ಲೈಬ್ರರಿಯಲ್ಲಿ ಕೇಳಿದ ಉಪನ್ಯಾಸ.

ಚೀನಾದ ಅಂಗಳದ ಮನೆಗಳಲ್ಲಿ ಉತ್ತರದ ಕೋಣೆ ಹಿರಿಯರಿಗೆ, ಪೂರ್ವದ್ದು ಹಿರಿಮಗನಿಗೆ, ತೀರಾ ಒಳಗಿನದು ಹೆಣ್ಣುಮಕ್ಕಳಿಗೆ ಮೀಸಲಿದ್ದು, ಕುಲದಲ್ಲಿ ಯಾರ ಮಾತು ನಡೆಯುತ್ತದೆಂಬುದನ್ನು ಗೋಡೆಗಳೇ ಹೇಳುತ್ತಿದ್ದವೆಂದು ತಿಳಿದುಬಂದಿರುತ್ತದೆ. ಈ ಮನೆಯಲ್ಲಾದರೋ, ಮೂರು ವರ್ಷಗಳಿಂದ ವಾಸವಿರುವ ಹಿರಿಯರಾದ ಶೇಷಗಿರಿಯವರ ಕೋಣೆಯನ್ನು ಇಂದಿಗೂ ‘ಗೆಸ್ಟ್ ರೂಮ್’ ಎಂದೇ ಕರೆಯಲಾಗುತ್ತಿದ್ದು, ಇದರಿಂದ ಅವರಿಗೆ ಬೇಸರವಾಗಿರುತ್ತದೆ. ಆದ್ದರಿಂದ ಈ ಮೂಲಕ ಸೂಚಿಸಿರುವುದೇನೆಂದರೆ:

1. ಉತ್ತರದ ಕೋಣೆಯನ್ನು ಶೇಷಗಿರಿಯವರಿಗೆ ಹಂಚಲಾಗಿದೆ. ಫೋನಿನ ದಿಕ್ಸೂಚಿ ಹಿಡಿದು ಸ್ಥಳ ಪರಿಶೀಲಿಸಲಾಗಿ, ಸದರಿ ಕೋಣೆಯು ಗರಾಜ್ ಎಂದು ಕಂಡುಬಂದಿದೆ. ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನೀರು ಹೆಪ್ಪುಗಟ್ಟುವಷ್ಟು ಚಳಿ ಇದ್ದಾಗ್ಯೂ, ಆದೇಶದ ಘನತೆ ಕಾಪಾಡಲು ಅವರು ಹಾಸಿಗೆ ಸುತ್ತಿಕೊಂಡು ಹೊರಟಿರುತ್ತಾರೆ. “ಮಾವ, ಅಲ್ಲಿ ನನ್ನ ಕಾರ್ ಇದೆ, ನೀವೆಲ್ಲಿ ಮಲಗ್ತೀರಿ?” ಎಂಬ ಸೊಸೆ ರೇಣು ಅವರ ಆಕ್ಷೇಪಣೆಯನ್ನು ದಾಖಲಿಸಲಾಗಿದೆ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಲೋಕೋಪಯೋಗಿ ಇಲಾಖೆಯಲ್ಲಿ ದುಡಿದವರಿಗೆ ಹೊಸತೇನಲ್ಲ.

2. ಪೂರ್ವದ ಕೋಣೆ, ಅಂದರೆ ಲಾಂಡ್ರಿ ರೂಮ್, ಒಬ್ಬನೇ ಮಗನಾದರೂ ಹಿರಿಮಗನೇ ಆದ ಸುರೇಶ್ ಅವರಿಗೆ. ಡ್ರೈಯರ್ ಓಡುವಾಗ ಅವರು ಆಫೀಸ್ ಮೀಟಿಂಗಿನಲ್ಲಿ ಮ್ಯೂಟ್ ತೆಗೆಯತಕ್ಕದ್ದಲ್ಲ.

3. ತೀರಾ ಒಳಗಿನದಾದ ಬೇಸ್‌ಮೆಂಟ್ ಮೊಮ್ಮಗಳು ನಿಹಾರಿಕಾಳಿಗೆ. ದೊಡ್ಡ ಟಿವಿ ಇರುವುದೂ ಅಲ್ಲಿಯೇ. ಆಕೆ ಕೂಡಲೇ ಒಪ್ಪಿರುವುದು ಅನುಮಾನಾಸ್ಪದವಾಗಿರುತ್ತದೆ.

4. ಚೀನೀ ಮನೆಗಳಲ್ಲಿರುವಂತೆ ಹಿರಿಯರ ಬಾಗಿಲಿಗೆ ಆರು ಇಂಚಿನ ಹೊಸಿಲು ಹಾಕತಕ್ಕದ್ದು. ನೆಲ ಗುಡಿಸುವ ರೋಬೋ ಅದನ್ನು ದಾಟಲಾಗದೆ ಕೂಗಿಕೊಂಡಲ್ಲಿ, ಅದಕ್ಕೆ ಕುಲದಲ್ಲಿ ಸ್ಥಾನವಿಲ್ಲದ ಕಾರಣ ದೂರನ್ನು ಪರಿಗಣಿಸಲಾಗುವುದಿಲ್ಲ.

5. ಅಂಗಳವಿಲ್ಲದ್ದರಿಂದ ಅಡುಗೆಮನೆಯ ನಡುವಿನ ಕಟ್ಟೆಯನ್ನೇ ಅಂಗಳವೆಂದು ಘೋಷಿಸಲಾಗಿದೆ. ಸಂಜೆ ಏಳಕ್ಕೆ ಎಲ್ಲರೂ ಅಲ್ಲಿ ಹಾಜರಿರತಕ್ಕದ್ದು. ತಟ್ಟೆ ಹಿಡಿದು ಮಹಡಿ ಹತ್ತುವುದನ್ನು ವಲಸೆಯೆಂದು ಪರಿಗಣಿಸಲಾಗುವುದು.

6. ಮೇಲ್ಕಂಡ ಅಂಶಗಳ ಕರಡನ್ನು ಫ್ರಿಜ್ಜಿಗೆ ಅಂಟಿಸಿದ ಮರುದಿನ, ಗೆಸ್ಟ್ ರೂಮಿನ ಬಾಗಿಲ ಮೇಲೆ ನಿಹಾರಿಕಾ ಬಣ್ಣದ ಪೆನ್ನಿನಲ್ಲಿ ‘ತಾತನ ರೂಮ್’ ಎಂದು ಬರೆದು ಅಂಟಿಸಿರುವುದು ಕಂಡುಬಂದಿದೆ. ಶೇಷಗಿರಿಯವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿರುತ್ತಾರೆ. ಅವರಿಗೆ ಬಹಳ ಸಂತೋಷವಾಗಿರುತ್ತದೆ. ಆದಕಾರಣ 1ರಿಂದ 4ರವರೆಗಿನ ಅಂಶಗಳನ್ನು ಹಿಂಪಡೆಯಲಾಗಿದೆ. ಸದರಿ ಕಾಗದವನ್ನು ಬಣ್ಣ ಹೊಡೆಸುವಾಗಲೂ ಯಾರೂ ಕೀಳತಕ್ಕದ್ದಲ್ಲ.

(ಸಹಿ)
ಶೇಷಗಿರಿ
ನಿವೃತ್ತ ಕಾರ್ಯಪಾಲಕ ಎಂಜಿನಿಯರ್, ಮೈಸೂರು
ಹಾಲಿ ಹುದ್ದೆ: ತಾತ

ಪ್ರತಿಗಳು:
1. ಸುರೇಶ್: ಮ್ಯೂಟ್ ತೆಗೆಯಬಹುದು.
2. ರೇಣು: ಕಾರನ್ನು ಯಥಾಸ್ಥಾನದಲ್ಲಿ ಮುಂದುವರಿಸಲು.
3. ನಿಹಾರಿಕಾ: ಇಂಗ್ಲಿಷಿನಲ್ಲಿ ಉತ್ತರಿಸಿದರೂ ಸ್ವೀಕರಿಸಲಾಗುವುದು.
4. ಕಚೇರಿ ಪ್ರತಿ: ದಿಂಬಿನಡಿ.
5. ಶೇಷಗಿರಿಯವರ ಅಕ್ಕ ಪದ್ಮಜಾ, ಶಾಮ್‌ಬರ್ಗ್ ಊರು: ಮುಂದಿನ ತಿಂಗಳು ಬರುವಾಗ, ಈ ಮನೆಯಲ್ಲಿ ಗೆಸ್ಟ್ ರೂಮ್ ಇರುವುದಿಲ್ಲವೆಂಬುದನ್ನು ಗಮನಿಸುವುದು.